ತರ್ಕದ ನಿಷೇಧಕ್ಕೆ ‘ಅಲ್ಲ’ವೋ ‘ಇಲ್ಲ’ವೋ?

ತರ್ಕಶಾಸ್ತ್ರದ ಮೊದಲ ಪಾಠಗಳನ್ನು ಕನ್ನಡದಲ್ಲಿ ಬರೆದುಕೊಳ್ಳುವಾಗ ಎದುರಾದ ಒಂದು ತೊಡಕನ್ನು ಬಲ್ಲವರ ಮುಂದಿಡುತ್ತಿದ್ದೇನೆ. ಒಂದು ವಾಕ್ಯಕ್ಕೆ ನಿಷೇಧದ ಚಿಹ್ನೆಯನ್ನು ಹಚ್ಚಿದರೆ, ಮೂಲ ವಾಕ್ಯ ನಿಜವಾಗಿದ್ದಾಗ ಹೊಸದು ಸುಳ್ಳಾಗುತ್ತದೆ, ಅದು ಸುಳ್ಳಾಗಿದ್ದಾಗ ಇದು ನಿಜವಾಗುತ್ತದೆ. ಚಿಹ್ನೆಗೆ ಇದಕ್ಕಿಂತ ಹೆಚ್ಚಿನ ಹೊರೆಯಿಲ್ಲ. ಈ ಚಿಹ್ನೆಯನ್ನು ಕನ್ನಡದಲ್ಲಿ ಏನೆಂದು ಓದಬೇಕು?

‘ನಿಷೇಧ’ ಎಂಬ ಹೆಸರು ಹೇಗೋ ನಡೆದೀತು, ನಿತ್ಯದ ಮಾತಿನಲ್ಲಿ ಅದು ‘ಮಾಡಕೂಡದು’ ಎಂಬ ಕಟ್ಟಳೆಯನ್ನೇ ಮೊದಲು ನೆನಪಿಸಿದರೂ. ನಿಜವಾದ ಕಷ್ಟವಿರುವುದು ನಮ್ಮಲ್ಲಿ ನಿಷೇಧಕ್ಕೆ ಎರಡು ಪದಗಳಿರುವುದರಲ್ಲಿ. ‘ನೆಲದ ಮೇಲೆ ಮಡಕೆಯಿಲ್ಲ’ ಎನ್ನುತ್ತೇವೆ, ‘ಮಡಕೆ ಬಟ್ಟೆಯಲ್ಲ’ ಎನ್ನುತ್ತೇವೆ. ಇವನ್ನು ಅದಲುಬದಲು ಮಾಡಿದರೆ ಮಕ್ಕಳೂ ನಗುತ್ತಾರೆ. ನ್ಯಾಯ, ವೈಶೇಷಿಕ ಎಂಬ ಭಾರತೀಯ ದರ್ಶನಗಳವರು ಅಭಾವವನ್ನು, ಎಂದರೆ ಇಲ್ಲದಿರುವಿಕೆಯನ್ನು, ವಿಂಗಡಿಸುವಾಗ ಒಂದು ವಸ್ತು ಒಂದೆಡೆ ಇಲ್ಲದಿರುವುದನ್ನು ಅತ್ಯಂತಾಭಾವವೆಂದೂ, ಒಂದು ವಸ್ತು ಇನ್ನೊಂದಾಗಿಲ್ಲದಿರುವುದನ್ನು ಅನ್ಯೋನ್ಯಾಭಾವವೆಂದೂ ಕರೆದು, ಬಹುಮಟ್ಟಿಗೆ ಇವೇ ಉದಾಹರಣೆಗಳನ್ನು ಕೊಡುತ್ತಾರೆ. ಸಂಸ್ಕೃತದಲ್ಲಿ ಎರಡಕ್ಕೂ ಒಂದೇ ‘ನ’ಕಾರ ಸಾಕಾಗುವುದರಿಂದ ಅಲ್ಲಿ ಲಕ್ಷಣ ಹೇಳಿ ಬಿಡಿಸಬೇಕಾದ ಭೇದ ನಮ್ಮ ಆಡುಮಾತಿನಲ್ಲಿ ಆಗಲೇ ಬಿಡಿಸಿಕೊಂಡಿದೆ. ಇದು ನನಗೆ ಸಂತೋಷದ ಸಂಗತಿ, ಆದರೆ ತರ್ಕದ ಚಿಹ್ನೆಗೆ ಇದರಿಂದ ಉಪಕಾರವಿಲ್ಲ, ಏಕೆಂದರೆ ಅದು ಈ ಭೇದವನ್ನು ಗಣಿಸುವುದೇ ಇಲ್ಲ.

ಇದಕ್ಕಿಂತ ಮುಖ್ಯವಾದದ್ದು ನಿಷೇಧದ ವ್ಯಾಪ್ತಿ, ಎಂದರೆ ಅದು ವಾಕ್ಯದ ಎಷ್ಟು ಭಾಗವನ್ನು ಅಲ್ಲಗಳೆಯುತ್ತದೆ ಎಂಬುದು. ‘ಎಲ್ಲರೂ ಬರಲಿಲ್ಲ’ ಎಂಬುದನ್ನು ಯಾರೂ ಬರಲಿಲ್ಲವೆಂದು ತಿಳಿಯಬಹುದು, ಬಂದವರು ಕೆಲವರು ಮಾತ್ರವೆಂದೂ ತಿಳಿಯಬಹುದು. ಬ್ರಿಟನ್ನಿನ ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ 1905ರಲ್ಲಿ ಚರ್ಚಿಸಿದ ‘ಫ್ರಾನ್ಸಿನ ಈಗಿನ ದೊರೆ ಬೋಳುತಲೆಯವನಲ್ಲ’ ಎಂಬ ಬಗೆಯ ವಾಕ್ಯದಲ್ಲೂ ಇದೇ ಇಬ್ಬಂದಿ: ಅಂಥ ದೊರೆಯೊಬ್ಬನಿದ್ದಾನೆ, ಅವನ ತಲೆ ಬೋಳಲ್ಲ ಎಂದು ಓದಿದರೆ, ಫ್ರಾನ್ಸಿಗೆ ಈಗ ದೊರೆಯೇ ಇಲ್ಲದ್ದರಿಂದ, ಅದು ಸುಳ್ಳು; ಬೋಳುತಲೆಯ ಅಂಥ ದೊರೆಯೊಬ್ಬನಿದ್ದಾನೆ ಎಂಬ ಇಡೀ ಹೇಳಿಕೆಯನ್ನು ಅಲ್ಲಗಳೆದರೆ ಅದು ನಿಜ. ನಮ್ಮ ‘ಅಲ್ಲ’, ‘ಇಲ್ಲ’ಗಳು ವಾಕ್ಯದ ಕೊನೆಯಲ್ಲಿ ಬಂದು ಕ್ರಿಯೆಗೋ ನಾಮಪದಕ್ಕೋ ಅಂಟಿಕೊಳ್ಳುವುದರಿಂದ, ಇಡೀ ವಾಕ್ಯವನ್ನು ಹೊರಗಿನಿಂದ ಹಿಡಿಯಲು ‘ಎಂದು’, ‘ಎಂಬುದು’ಗಳ ನೆರವು ಬೇಕೇಬೇಕು.

ಹಾಗೆ ಹುಡುಕಿದಾಗ ಮೂರು ರೂಪಗಳು ಸಿಕ್ಕಿದವು, ಮೂರೂ ಪೂರ್ತಿ ಒಗ್ಗಲಿಲ್ಲ. ‘ಎಲ್ಲ ಹಕ್ಕಿಗಳೂ ಹಾರುತ್ತವೆ ಎಂಬುದು ಸುಳ್ಳು’ ಎಂದರೆ ಯಾರೋ ಬೇಕೆಂದೇ ಸುಳ್ಳಾಡಿದ ಧ್ವನಿ ಬರುತ್ತದೆ. ಅಷ್ಟೇ ಅಲ್ಲದೆ ಇದು ಹಕ್ಕಿಗಳ ಮಾತನ್ನು ಬಿಟ್ಟು ಹೇಳಿಕೆಯೊಂದರ ಮಾತಾಗುತ್ತದೆ, ಆ ಎರಡು ಮಟ್ಟಗಳನ್ನು ಬೆರೆಸಬಾರದೆಂದೇ ಪಾಠದಲ್ಲಿ ಮುಂದೆ ಕಲಿಸಬೇಕಾಗಿದೆ. ‘ಹಾರುತ್ತವೆ ಎಂದೇನಿಲ್ಲ’ ಎಂಬುದು ಸೊಗಸಾದ ಕನ್ನಡ, ಆದರೆ ‘ಹಾರಲೇಬೇಕೆಂದಿಲ್ಲ’ ಎಂಬ ಅನಿವಾರ್ಯತೆಯ ಛಾಯೆ ಅದರೊಳಗೆ ನುಸುಳುತ್ತದೆ. ‘ಹಾರುತ್ತವೆ ಎಂದಲ್ಲ’ ಎಂಬುದು ಇವೆರಡಕ್ಕಿಂತ ಹತ್ತಿರದ್ದು, ಸದ್ಯಕ್ಕೆ ನಾನು ಬಳಸುತ್ತಿರುವುದೂ ಅದನ್ನೇ. ಆದರೂ ಕೇಳಿದವರು ‘ಮತ್ತೇನು?’ ಎಂದು ಮುಂದಿನ ಮಾತಿಗೆ ಕಾಯುತ್ತಾರೆ.

ಇಂಥ ನಿರೀಕ್ಷೆಯನ್ನು ಹುಟ್ಟಿಸದೆ ಇಡೀ ವಾಕ್ಯವನ್ನು ಅಲ್ಲಗಳೆಯುವ ಪ್ರಯೋಗವೊಂದು ಹಳಗನ್ನಡದಲ್ಲಾಗಲಿ ಯಾವುದಾದರೂ ಒಳನುಡಿಯಲ್ಲಾಗಲಿ ಇದೆಯೇ? ಇಲ್ಲವಾದರೆ ‘ಎಂದಲ್ಲ’ವನ್ನೇ ಪಾರಿಭಾಷಿಕವಾಗಿ ಗೊತ್ತುಮಾಡಿಕೊಳ್ಳುವುದಕ್ಕೆ ವ್ಯಾಕರಣದ ಕಡೆಯಿಂದ ಆಕ್ಷೇಪವೇನಾದರೂ ಇದ್ದೀತೇ?