12 ವರ್ಷದ ಲ್ಯಾಪ್‌ಟಾಪ್: ಕೀಬೋರ್ಡ್ ಬದಲಿಸಿ ರ್ಯಾಮ್ 8 ಜಿಬಿ ಮಾಡಿಸಲೋ, ಸುಮ್ನೆ ಖರ್ಚೋ?

ಬೆಟಗೇರಿ ಡಿಟಿಪಿ:

ಎಲ್ಲರಿಗೂ ನಮಸ್ಕಾರ. ಬೆಟಗೇರಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆ ಹ್ಯಾಂಡ್‌ಬಿಲ್, ಇಂಥವೇ ಕೆಲಸ. ಲ್ಯಾಪ್‌ಟಾಪ್ ಡೆಲ್ ಇನ್‌ಸ್ಪಿರಾನ್ 3521, 2013ರದ್ದು. ಐ3, 3ನೇ ಜನರೇಷನ್, 4 ಜಿಬಿ ರ್ಯಾಮ್, ವಿಂಡೋಸ್ 10. ಇಷ್ಟು ವರ್ಷ ಚೆನ್ನಾಗಿ ದುಡಿದಿದೆ, ದೂರೇನಿಲ್ಲ.

ಈಗ ಕೀಬೋರ್ಡಿನಲ್ಲಿ ಎಫ್, ಆರ್, ವಿ ಮೂರೂ ಒಟ್ಟಿಗೆ ಕೈಕೊಟ್ಟಿವೆ. ನುಡಿ ಸಾಫ್ಟ್‌ವೇರಿನಲ್ಲಿ ಕನ್ನಡ ಟೈಪ್ ಮಾಡುವವರಿಗೆ ಗೊತ್ತಿರುತ್ತದೆ, ಎಫ್ ಹೋದರೆ ಒತ್ತಕ್ಷರವೇ ಹೋದ ಹಾಗೆ. ಹುಬ್ಬಳ್ಳಿ ಅಂತ ಹೊಡೆದರೆ 'ಹುಬಬಳಳಿ' ಬರುತ್ತದೆ. ಲಗ್ನಪತ್ರಿಕೆಯ ತಲೆಗೆ 'ಶ್ರೀ' ಬರೆಯೋಕಾಗಲ್ಲ, ಕೆಳಗೆ ನೋಡಿದರೆ ವರನೂ ನಾಪತ್ತೆ! ಸದ್ಯಕ್ಕೆ ಯುಎಸ್‌ಬಿ ಕೀಬೋರ್ಡ್ ಹಚ್ಚಿಕೊಂಡು ಕೆಲಸ ಸಾಗಿಸುತ್ತಿದ್ದೇನೆ, ಅದರಲ್ಲಿ ಎಲ್ಲ ಅಕ್ಷರ ಸರಿಯಾಗಿ ಬರುತ್ತವೆ. ಆದರೆ ಟೇಬಲ್ ಚಿಕ್ಕದು, ಜಾಗ ಸಾಲದು.

ಜೊತೆಗೆ ಮಷೀನು ಬಹಳ ನಿಧಾನ. ಗಿರಾಕಿಗಳು ಫೋಟೋ ಎಲ್ಲಾ ವಾಟ್ಸಾಪಿನಲ್ಲೇ ಕಳಿಸುತ್ತಾರೆ, ಹಾಗಾಗಿ ಡಿಸೈನ್ ಮಾಡುವ ಕೋರೆಲ್ ಸಾಫ್ಟ್‌ವೇರ್ ಜೊತೆ ಕ್ರೋಮ್‌ನಲ್ಲಿ ವಾಟ್ಸಾಪ್ ವೆಬ್ ತೆರೆಯಲೇಬೇಕು. ಎರಡೂ ತೆರೆದರೆ ಮುಗೀತು, ಮೌಸ್ ಕೂಡ ಅಲ್ಲಾಡಲ್ಲ.

ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಕೇಳಿದೆ. ಕೀಬೋರ್ಡಿಗೆ ಎರಡೂವರೆ ಸಾವಿರ ಅಂದರು. ರ್ಯಾಮ್ ಕೇಳಿದ್ದಕ್ಕೆ "ಇದಕ್ಕೆಲ್ಲ ಈಗ ಸಿಗಲ್ಲ, ಹೊಸದು ತಗೊಂಡುಬಿಡ್ರಿ" ಅಂದರು. ನಿಜಾನಾ? ಸ್ಕ್ರೂಡ್ರೈವರ್ ಸೆಟ್ ನನ್ನ ಹತ್ತಿರ ಇದೆ, ಕೈಯಾಡಿಸೋಕೆ ಹೆದರಿಕೆ ಇಲ್ಲ.

ಕೊಪ್ಪೀಕರ್ ರೋಡ್ ಗಿರಾಕಿ:

ಸಿಗಲ್ಲ ಅನ್ನೋದು ಸುಳ್ಳು ರೀ. ಹೊಸ ಮಷೀನು ಮಾರೋದಿದ್ದರೆ ಹಾಗೇ ಹೇಳುತ್ತಾರೆ. ಹುಬ್ಬಳ್ಳಿಯಲ್ಲಿ ಶೋರೂಮ್ ಬಿಟ್ಟು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ರಿಪೇರಿ ಮಾಡೋರ ಹತ್ತಿರ ಕೇಳಿ, ಹಳೇ ಮಷೀನಿನಿಂದ ಬಿಚ್ಚಿದ ರ್ಯಾಮ್ ಡ್ರಾಯರ್ ತುಂಬಾ ಇಟ್ಟಿರುತ್ತಾರೆ. ಅಲ್ಲೇ ಹಾಕಿಸಿ, ಆನ್ ಮಾಡಿ ನೋಡಿ, ಆಮೇಲೆ ದುಡ್ಡು ಕೊಡಿ.

ವಿದ್ಯಾಗಿರಿ ಹಾರ್ಡ್‌ವೇರ್:

ಧಾರವಾಡದಲ್ಲಿ ನನ್ನ ಕೆಲಸವೇ ಇದು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಮೊದಲು ಕೀಬೋರ್ಡ್. ಎಫ್, ಆರ್, ವಿ ಒಂದೇ ಕಡೆಯ ಕೀಗಳು. ಕೀಬೋರ್ಡಿನ ಒಳಗೆ ಒಂದೊಂದು ಕೀಗೆ ಬೇರೆ ಬೇರೆ ವೈರ್ ಇರುವುದಿಲ್ಲ. ತೆಳುವಾದ ಹಾಳೆಯ ಮೇಲೆ ಅಡ್ಡ ಒಂದಷ್ಟು ಗೆರೆ, ಉದ್ದ ಒಂದಷ್ಟು ಗೆರೆ ಇರುತ್ತವೆ. ಪಕ್ಕಪಕ್ಕದ ಕೀಗಳು ಒಂದೇ ಗೆರೆಯನ್ನು ಹಂಚಿಕೊಂಡಿರುತ್ತವೆ. ಆ ಗೆರೆ ಎಲ್ಲಾದರೂ ಕಡಿದರೆ ಅದರ ಮೇಲಿನ ಕೀಗಳೆಲ್ಲ ಒಟ್ಟಿಗೆ ಹೋಗುತ್ತವೆ. ಯುಎಸ್‌ಬಿ ಕೀಬೋರ್ಡಿನಲ್ಲಿ ಸರಿ ಬರುತ್ತದೆ ಅಂದಮೇಲೆ ನುಡಿಯದ್ದಾಗಲಿ ವಿಂಡೋಸಿನದ್ದಾಗಲಿ ತಪ್ಪಲ್ಲ. ಕೀ ಕಿತ್ತು ಬ್ರಷ್ ಹಾಕಿ ಉಜ್ಜುವ ಕೆಲಸಕ್ಕೆ ಹೋಗಬೇಡಿ, ಆ ಚಿಕ್ಕ ಪ್ಲಾಸ್ಟಿಕ್ ಹಿಂಜ್ ಮುರಿದರೆ ಉಳಿದ ಕೀಗಳೂ ಕೆಡುತ್ತವೆ. ಒಂದು ಸಾಧ್ಯತೆ ಮಾತ್ರ ನೋಡಿ: ಕೀಬೋರ್ಡನ್ನು ಮದರ್‌ಬೋರ್ಡಿಗೆ ಸೇರಿಸುವ ಚಪ್ಪಟೆ ರಿಬ್ಬನ್ ಕೇಬಲ್ ಸ್ವಲ್ಪ ಸಡಿಲವಾಗಿದ್ದರೂ ಹೀಗೇ ಆಗುತ್ತದೆ. ಹೊಸದು ತರಿಸುವ ಮುಂಚೆ ಅದನ್ನು ಒಮ್ಮೆ ಬಿಚ್ಚಿ ಹಾಕಿ.

ಬಿಚ್ಚುವುದು ಹೀಗೆ. ಚಾರ್ಜರ್ ತೆಗೆಯಿರಿ, ಮಗುಚಿ ಹಾಕಿ ಬ್ಯಾಟರಿ ತೆಗೆಯಿರಿ, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಈ ಮಾದರಿಯಲ್ಲಿ ಕೀಬೋರ್ಡು ಮೇಲಿನಿಂದಲೇ ಬರುತ್ತದೆ, ಇಡೀ ಮಷೀನು ಬಿಚ್ಚಬೇಕಿಲ್ಲ. ಸ್ಕ್ರೀನ್ ಕಡೆಯ ಅಂಚಿನಲ್ಲಿ, ಎಫ್1, ಎಫ್2 ಇರುವ ಸಾಲಿನ ಮೇಲೆ, ಸಣ್ಣ ಕ್ಲಿಪ್‌ಗಳಿವೆ. ಹಳೇ ಎಟಿಎಂ ಕಾರ್ಡನ್ನು ತೂರಿಸಿ ಒಂದೊಂದನ್ನೇ ಬಿಡಿಸಿ. ಮೇಲಂಚು ಎದ್ದ ಕೂಡಲೇ ಎಳೆಯಬೇಡಿ, ಕೆಳಗೆ ರಿಬ್ಬನ್ ಇದೆ. ನಿಧಾನಕ್ಕೆ ನಿಮ್ಮ ಕಡೆಗೆ ಮಗುಚಿ ಅಂಗೈ ಇಡುವ ಜಾಗದ ಮೇಲೆ ಮಲಗಿಸಿ. ಬೋರ್ಡಿನ ಮೇಲೆ ರಿಬ್ಬನ್ ಸೇರುವ ಕಡೆ ಉಗುರಿನಷ್ಟು ತೆಳ್ಳಗಿನ ಒಂದು ಪಟ್ಟಿ ಕಾಣುತ್ತದೆ. ಅದೇ ಲಾಕ್. ಉಗುರಿನಿಂದಲೇ ಮೇಲಕ್ಕೆ ಎತ್ತಿ, ಆಗ ರಿಬ್ಬನ್ ತಾನಾಗಿ ಸಡಿಲವಾಗುತ್ತದೆ. ಲಾಕ್ ಎತ್ತದೆ ಎಳೆದು ಕನೆಕ್ಟರ್ ಕಿತ್ತುಕೊಂಡು ಬರುವವರು ನನ್ನ ಹತ್ತಿರ ಬೇಕಾದಷ್ಟು ಜನ. ಆಮೇಲೆ ಅದು ಕೀಬೋರ್ಡಿನ ರಿಪೇರಿ ಆಗಿರುವುದಿಲ್ಲ, ಮದರ್‌ಬೋರ್ಡಿನದಾಗಿರುತ್ತದೆ.

ಹಾಕುವಾಗ ರಿಬ್ಬನ್ ನೆಟ್ಟಗೆ ಕೊನೆತನಕ ಹೋಗಬೇಕು, ಆಮೇಲೆ ಲಾಕ್ ಒತ್ತಬೇಕು. ಕೂದಲೆಳೆಯಷ್ಟು ಸೊಟ್ಟಗಾದರೂ ಅರ್ಧ ಕೀ ಕೆಲಸ ಮಾಡುತ್ತವೆ, ಅರ್ಧ ಮಾಡಲ್ಲ. ಕ್ಲಿಪ್ ಕೂರಿಸುವ ಮುಂಚೆಯೇ ಆನ್ ಮಾಡಿ ಪ್ರತಿಯೊಂದು ಕೀ ಹೊಡೆದು ನೋಡಿ.

ಕೊಳ್ಳುವಾಗ ಬರೀ ಮಾಡೆಲ್ ಹೆಸರು ನಂಬಬೇಡಿ. ನಿಮ್ಮದನ್ನು ಬಿಚ್ಚಿ ಹಿಂದಿನ ಸ್ಟಿಕರ್‌ನ ಪಾರ್ಟ್ ನಂಬರ್ ಫೋಟೋ ತೆಗೆದುಕೊಳ್ಳಿ. ರಿಬ್ಬನ್ ಯಾವ ಕಡೆಯಿಂದ ಹೊರಡುತ್ತದೆ, ಎಂಟರ್ ಕೀ ಅಡ್ಡ ಇದೆಯೋ ಎರಡು ಸಾಲಿನಷ್ಟು ಎತ್ತರ ಇದೆಯೋ, ಸುತ್ತ ಫ್ರೇಮ್ ಇದೆಯೋ ಇಲ್ಲವೋ, ಮೂರೂ ಹೊಂದಬೇಕು. ಅಂದಹಾಗೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಈಗಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಕೀಬೋರ್ಡನ್ನು ಮೇಲಿನ ಕವರಿಗೆ ಪ್ಲಾಸ್ಟಿಕ್ ಕರಗಿಸಿ ಅಂಟಿಸಿರುತ್ತಾರೆ, ಅದನ್ನು ಬದಲಿಸುವುದೇ ಒಂದು ಶಿಕ್ಷೆ.

ಇನ್ನು ರ್ಯಾಮ್, ಅಂದರೆ ಮೆಮೊರಿ. ನಿಮ್ಮದರಲ್ಲಿ ಎರಡು ಸ್ಲಾಟ್ ಇವೆ, 8 ಜಿಬಿ ತನಕ ತಗೊಳ್ಳುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ಒತ್ತಿ, ಎಷ್ಟು ಸ್ಲಾಟ್ ಬಳಕೆಯಲ್ಲಿವೆ ಅಂತ ಅಲ್ಲೇ ತೋರಿಸುತ್ತದೆ. ಒಂದು ಖಾಲಿ ಇದ್ದರೆ ಇನ್ನೊಂದು 4 ಜಿಬಿ ಸಾಕು. ಅಂಗಡಿಯಲ್ಲಿ 'ಲ್ಯಾಪ್‌ಟಾಪಿನ ಡಿಡಿಆರ್3ಎಲ್, 1600' ಅಂತ ಕೇಳಿ. 'ಎಲ್' ಇರುವುದು 1.35 ವೋಲ್ಟಿನದ್ದು, 1.5 ವೋಲ್ಟಿನಲ್ಲೂ ನಡೆಯುತ್ತದೆ, ಹಾಗಾಗಿ ಅದನ್ನೇ ತಗೊಂಡರೆ ತಲೆನೋವಿಲ್ಲ. ಡಿಡಿಆರ್4 ಕೊಟ್ಟರೆ ವಾಪಸ್ ಕೊಡಿ. ಅದರ ಕಚ್ಚು ಬೇರೆ ಜಾಗದಲ್ಲಿದೆ, ಪಿನ್ನೂ 204 ಅಲ್ಲ 260, ಕೂರುವುದೇ ಇಲ್ಲ.

ತಳದ ಮುಚ್ಚಳ ತೆಗೆದರೆ ಸ್ಲಾಟ್ ಕಾಣುತ್ತದೆ. ಓರೆಯಾಗಿ ತೂರಿಸಿ, ಬಂಗಾರದ ಬಣ್ಣದ ಅಂಚು ಹೆಚ್ಚುಕಡಿಮೆ ಪೂರ್ತಿ ಒಳಗೆ ಹೋಗಬೇಕು. ಆಮೇಲೆ ಕೆಳಕ್ಕೆ ಒತ್ತಿ, ಎರಡೂ ಬದಿಯ ಕೊಂಡಿ ಟಕ್ ಅನ್ನಬೇಕು. ಮುಟ್ಟುವ ಮುಂಚೆ ಕಬ್ಬಿಣದ ಬಾಗಿಲನ್ನೋ ಕಿಟಕಿಯ ಸರಳನ್ನೋ ಒಮ್ಮೆ ಮುಟ್ಟಿ. ಚಳಿಗಾಲದ ಗದಗಿನ ಒಣ ಗಾಳಿಯಲ್ಲಿ ಸ್ವೆಟರ್ ತೆಗೆದರೆ ಚಟಚಟ ಅನ್ನುತ್ತದಲ್ವಾ, ಅದೇ ಕರೆಂಟು ಚಿಪ್ಪಿಗೂ ತಗಲುತ್ತದೆ.

ಹಾವೇರಿ ಏಲಕ್ಕಿ:

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಒಂದು ಮಾತು ಯಾರೂ ಕೇಳಲಿಲ್ಲ. ನಿಮ್ಮ ವಿಂಡೋಸ್ 32 ಬಿಟ್ಟೋ 64 ಬಿಟ್ಟೋ? ಡಿಟಿಪಿ ಅಂಗಡಿಗಳಲ್ಲಿ ಹಳೇ ಸಾಫ್ಟ್‌ವೇರ್ ನಡೆಯಲಿ ಅಂತ 32 ಬಿಟ್ ಹಾಕಿರುತ್ತಾರೆ. ಅದಾಗಿದ್ದರೆ 8 ಜಿಬಿ ಹಾಕಿದರೂ 4ರ ಒಳಗೇ ಬಳಸುತ್ತದೆ, ಉಳಿದದ್ದು ದಂಡ.

ನನ್ನ ಪ್ರಕಾರ ರ್ಯಾಮ್‌ಗಿಂತ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಬದಲು ಹಾಕುವ, ಅದಕ್ಕಿಂತ ವೇಗದ ಡಿಸ್ಕ್) ಮುಖ್ಯ. ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ ಸದಾ ಶೇಕಡಾ 100 ತೋರಿಸುತ್ತಿದೆಯಾ ನೋಡಿ.

ಬೆಟಗೇರಿ ಡಿಟಿಪಿ:

ಬಹಳ ಉಪಕಾರವಾಯಿತು. ರಿಬ್ಬನ್ ಬಿಚ್ಚಿ ಹಾಕಿ ನೋಡಿದೆ, ಅದೇ ಕಥೆ, ಕೀಬೋರ್ಡೇ ಹೋಗಿದೆ. ಪಾರ್ಟ್ ನಂಬರ್ ಫೋಟೋ ತೆಗೆದಿಟ್ಟಿದ್ದೇನೆ. ಸ್ಲಾಟ್ ಒಂದು ಖಾಲಿ ಇದೆ. ಏಲಕ್ಕಿಯವರ ಅನುಮಾನವೂ ನಿಜ, 32 ಬಿಟ್ಟೇ ಇದೆ! ಡಿಸ್ಕೂ 100, ಮೆಮೊರಿಯೂ ತುಂಬಿದೆ. 64 ಹಾಕಿಸಿದರೆ ಕೋರೆಲ್ ಎಕ್ಸ್3 ನಡೆಯುತ್ತದಾ? ಹತ್ತು ವರ್ಷದ ಫೈಲುಗಳಿವೆ, ಅದೇ ಭಯ.

ವಿದ್ಯಾಗಿರಿ ಹಾರ್ಡ್‌ವೇರ್:

ಮೆಮೊರಿ ತುಂಬಿದಾಗ ವಿಂಡೋಸ್ ಉಳಿದದ್ದನ್ನು ಡಿಸ್ಕಿಗೆ ಬರೆಯುತ್ತದೆ, ಹಾಗಾಗಿ ಎರಡೂ ಒಟ್ಟಿಗೆ ಏರುತ್ತವೆ. ಏಲಕ್ಕಿಯವರೇ, ಇಲ್ಲಿ ರ್ಯಾಮ್ ಬಿಟ್ಟು ಬರೀ ಎಸ್‌ಎಸ್‌ಡಿ ಹಾಕಿದರೆ ಅರ್ಧ ಕೆಲಸ ಅಷ್ಟೇ. ಎರಡೂ ಬೇಕು.

32 ಬಿಟ್ ಪ್ರೋಗ್ರಾಮುಗಳು (ನಿಮ್ಮ ಕೋರೆಲ್ ಎಕ್ಸ್3 ಕೂಡ ಅದೇ) 64 ಬಿಟ್ ವಿಂಡೋಸಿನಲ್ಲಿ ನಡೆಯುತ್ತವೆ, 16 ಬಿಟ್ಟಿನವು ಮಾತ್ರ ನಡೆಯಲ್ಲ. ಹಳೇ ಕೋರೆಲ್ ತಾನಾಗಿ 8 ಜಿಬಿ ಬಳಸುವುದಿಲ್ಲ, ಆದರೆ ಪಕ್ಕದಲ್ಲಿ ಕ್ರೋಮ್‌ಗೆ ಜಾಗ ಸಿಗುತ್ತದೆ, ನಿಮಗೆ ಬೇಕಾದದ್ದೂ ಅದೇ. 32ರಿಂದ 64ಕ್ಕೆ ಅಪ್‌ಗ್ರೇಡ್ ಅಂತ ದಾರಿ ಇಲ್ಲ, ಹೊಸದಾಗಿಯೇ ಹಾಕಬೇಕು. ಹೇಗೂ ಎಸ್‌ಎಸ್‌ಡಿ ಹಾಕುತ್ತೀರಲ್ಲ, ವಿಂಡೋಸ್ ಅದಕ್ಕೆ ಹಾಕಿ, ಹಳೇ ಹಾರ್ಡ್ ಡಿಸ್ಕನ್ನು ಮುಟ್ಟದೆ ಹಾಗೇ ತೆಗೆದಿಡಿ. ಲೈಸೆನ್ಸ್ ಅದೇ ನಡೆಯುತ್ತದೆ, ಈಗಿರುವುದು ವಿಂಡೋಸಿನ ಹೋಮ್ ಆವೃತ್ತಿ ಆಗಿದ್ದರೆ ಹೋಮೇ ಹಾಕಿ. ಫಾಂಟ್ಸ್ ಫೋಲ್ಡರ್ ಪೂರ್ತಿ ಕಾಪಿ ಮಾಡಿಕೊಳ್ಳಿ. ನಿಮ್ಮ ಹಳೇ ಫೈಲುಗಳು ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ, ನುಡಿ 01 ಇ ಥರದ ಫಾಂಟ್ ಇಲ್ಲದಿದ್ದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರದ ಗೊಜ್ಜು ಕಾಣುತ್ತದೆ.

ಇನ್ನೊಂದು. ವಿಂಡೋಸ್ 10ಕ್ಕೆ ಮಾಮೂಲಿ ಸುರಕ್ಷತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೇ ನಿಂತಿದೆ, 11 ನಿಮ್ಮ ಪ್ರೊಸೆಸರಿಗೆ ಅಧಿಕೃತವಾಗಿ ಇಲ್ಲ. ಡಿಸೈನ್ ಕೆಲಸಕ್ಕೆ ತೊಂದರೆ ಇಲ್ಲ, ಬ್ಯಾಂಕ್ ವ್ಯವಹಾರ ಮಾತ್ರ ಇದರಲ್ಲಿ ಬೇಡ.

ಎಲ್ಲವನ್ನೂ ಒಂದೇ ದಿನ ಬದಲಿಸಬೇಡಿ. ಮೊದಲು ರ್ಯಾಮ್ ಹಾಕಿ, ವಿಂಡೋಸಿನ ಮೆಮೊರಿ ಡಯಾಗ್ನೋಸ್ಟಿಕ್ ಓಡಿಸಿ, ಒಂದೆರಡು ದಿನ ಕೆಲಸ ಮಾಡಿ. ಆಮೇಲೆ ಎಸ್‌ಎಸ್‌ಡಿ. ಕೀಬೋರ್ಡ್ ಕೊನೆಗೆ, ಹೇಗೂ ಯುಎಸ್‌ಬಿಯದ್ದು ಇದೆಯಲ್ಲ. ಎಲ್ಲ ಒಟ್ಟಿಗೆ ಹಾಕಿ ಮಷೀನು ಆನ್ ಆಗದಿದ್ದರೆ ಯಾವುದರ ತಪ್ಪು ಅಂತ ನೀವೂ ಹೇಳೋಕಾಗಲ್ಲ, ಅಂಗಡಿಯವರೂ ವಾಪಸ್ ತಗೊಳ್ಳಲ್ಲ.