ವಿಮಾನದ ವ್ಯವಸ್ಥೆಗಳನ್ನು ಒಟ್ಟಾಗಿ ಓದುವುದು ಹೇಗೆ?

ಪ್ರಶ್ನೆ (ವಿಮಾನ ನಿರ್ವಹಣೆ ಕಲಿಯುತ್ತಿರುವ ವಿದ್ಯಾರ್ಥಿ): ಸರ್, ನಮಸ್ಕಾರ. ವಿದ್ಯುತ್, ಇಂಧನ, ಹೈಡ್ರಾಲಿಕ್ (ದ್ರವದ ಒತ್ತಡದಿಂದ ಭಾಗಗಳನ್ನು ಚಲಿಸುವ ವ್ಯವಸ್ಥೆ), ಲ್ಯಾಂಡಿಂಗ್ ಗೇರ್ (ಇಳಿಯುವ ಚಕ್ರಗಳು ಮತ್ತು ಅವುಗಳ ಕಾಲುಗಳು) ಎಲ್ಲವನ್ನೂ ಬಿಡಿಬಿಡಿಯಾಗಿ ಓದಿದ್ದೇನೆ, ಅರ್ಥವೂ ಆಗಿದೆ. ಆದರೆ ಮೌಖಿಕ ಪರೀಕ್ಷೆಯಲ್ಲಿ, ‘ಆಕಾಶದಲ್ಲಿ ಎರಡೂ ಎಂಜಿನ್ ನಿಂತರೆ ಏನೇನು ನಿಲ್ಲುತ್ತದೆ, ಏನು ಉಳಿಯುತ್ತದೆ?’ ಎಂದು ಕೇಳಿದಾಗ ಬಾಯಿ ಕಟ್ಟಿತು. ಎಲ್ಲವನ್ನೂ ಸೇರಿಸಿ ಓದುವುದು ಹೇಗೆ?

ಉತ್ತರ (ವಿಮಾನ ನಿರ್ವಹಣಾ ಎಂಜಿನಿಯರ್): ಪರೀಕ್ಷಕರು ಕೇಳಿದ್ದು ಒಳ್ಳೆಯ ಪ್ರಶ್ನೆ. ಅಧ್ಯಾಯ 24 ವಿದ್ಯುತ್, 28 ಇಂಧನ, 29 ಹೈಡ್ರಾಲಿಕ್ ಎಂಬ ವಿಂಗಡಣೆ ಕೈಪಿಡಿಯ ಅನುಕೂಲಕ್ಕೆ ಮಾಡಿದ್ದು. ಎಂಜಿನ್ ನೂಕುಬಲವನ್ನಷ್ಟೇ ಕೊಡುವುದಿಲ್ಲ. ಜನರೇಟರ್, ಹೈಡ್ರಾಲಿಕ್ ಪಂಪ್ ತಿರುಗುವುದು ಅದರಿಂದಲೇ. ಹೆಚ್ಚಿನ ವಿಮಾನಗಳಲ್ಲಿ ಕ್ಯಾಬಿನ್ನಿನ ಗಾಳಿ ಬರುವುದೂ ಅದರೊಳಗೆ ಗಾಳಿಯನ್ನು ಒತ್ತುವ ಕಂಪ್ರೆಸರ್‌ನಿಂದ. ಏರ್‌ಬಸ್ ಕಂಪನಿಯ ಎ320 ವಿಮಾನದಲ್ಲಿ ಅದೇ ಗಾಳಿ ಹೈಡ್ರಾಲಿಕ್ ದ್ರವದ ಟ್ಯಾಂಕಿಗೂ ಒತ್ತಡ ಕೊಡುತ್ತದೆ.

ನಿಮಗೆ ಕೇಳಿದ ಪ್ರಶ್ನೆ 1983ರ ಜುಲೈ 23ರಂದು ಕೆನಡಾದಲ್ಲಿ ನಿಜವಾಗಿಯೇ ಎದುರಾಗಿತ್ತು. ಏರ್ ಕೆನಡಾದ ಬೋಯಿಂಗ್ 767ರ ಇಂಧನ ಮಾಪಕ ಕೆಟ್ಟಿತ್ತು. ಕೈಯಲ್ಲಿ ಲೆಕ್ಕ ಹಾಕುವಾಗ ಕಿಲೋಗ್ರಾಂ ಬದಲು ಪೌಂಡ್ ಹಿಡಿದದ್ದರಿಂದ, ಬೇಕಾಗಿದ್ದ 22,300 ಕಿಲೋದಲ್ಲಿ ಅರ್ಧಕ್ಕಿಂತ ಕಡಿಮೆ ಇಂಧನದೊಂದಿಗೆ ವಿಮಾನ ಹಾರಿತು. 41,000 ಅಡಿಯಲ್ಲಿದ್ದಾಗ ತೊಂದರೆ ಶುರುವಾಯಿತು. ಎಂಜಿನ್‌ಗಳು ನಿಂತವು, ಜನರೇಟರ್‌ಗಳೂ ನಿಂತವು, ಪೈಲಟ್‌ಗಳ ಮುಂದಿನ ಪರದೆಗಳು ಕತ್ತಲಾದವು. ಹೈಡ್ರಾಲಿಕ್ ಒತ್ತಡ ಬಿದ್ದುಹೋಯಿತು. ಆಗ ಹೊಟ್ಟೆಯಡಿಯಿಂದ ಪುಟ್ಟ ಗಾಳಿಚಕ್ರವೊಂದು ಹೊರಬಂದು, ಎದುರುಗಾಳಿಗೆ ತಿರುಗಿ, ರೆಕ್ಕೆ ಮತ್ತು ಬಾಲದ ನಿಯಂತ್ರಣಕ್ಕೆ ಬೇಕಾದಷ್ಟು ಒತ್ತಡ ಕೊಟ್ಟಿತು. ಲ್ಯಾಂಡಿಂಗ್ ಗೇರನ್ನು ಇಳಿಸುವಷ್ಟು ಶಕ್ತಿ ಅದಕ್ಕಿರಲಿಲ್ಲ. ಗೇರ್ ತನ್ನ ತೂಕದಿಂದಲೇ ಬೀಳಬೇಕಾಯಿತು. ಹಿಂದಿನ ಚಕ್ರಗಳು ಇಳಿದು ಲಾಕ್ ಆದವು, ಮೂಗಿನ ಚಕ್ರ ಮಾತ್ರ ಲಾಕ್ ಆಗಲಿಲ್ಲ. ಇಳಿಯಲು ವೇಗ ತಗ್ಗಿಸಿದಂತೆ ಗಾಳಿಚಕ್ರದ ವೇಗವೂ ತಗ್ಗಿ, ಅತ್ಯಂತ ಅಗತ್ಯವಿದ್ದ ಗಳಿಗೆಯಲ್ಲೇ ನಿಯಂತ್ರಣ ಬಿಗಿಯಾಯಿತು. ಕ್ಯಾಪ್ಟನ್ ಪಿಯರ್ಸನ್ ಗಿಮ್ಲಿಯ ಹಳೆಯ ವಾಯುನೆಲೆಯಲ್ಲಿ ವಿಮಾನವನ್ನು ಇಳಿಸಿದರು, 69 ಜನರೂ ಬದುಕಿದರು. ಪ್ರತಿ ಬಾರಿ ಇದನ್ನು ವಿವರಿಸುವಾಗಲೂ ನನಗೆ ಮೈ ಜುಮ್ಮೆನ್ನುತ್ತದೆ.

ಇಂಧನ ಅಧ್ಯಾಯದ ತಪ್ಪು ಮೂಗಿನ ಚಕ್ರದವರೆಗೆ ಹೋದ ದಾರಿಯನ್ನು ನೋಡಿದಿರಾ? ಹಾಗೆಯೇ ಓದಿ. ಯಾವ ಭಾಗ ಸಿಕ್ಕರೂ ‘ಇದಕ್ಕೆ ಉಣಿಸುವವರು ಯಾರು, ಇದು ನಿಂತರೆ ಉಪವಾಸ ಬೀಳುವವರು ಯಾರು?’ ಎಂದು ಕೇಳಿ.

ಮತ್ತೊಬ್ಬ ಸದಸ್ಯೆ: ಹಾಗಾದರೆ ಏನಾದರೂ ಕೆಟ್ಟಾಗ ಮಾತ್ರ ಈ ಸಂಬಂಧಗಳು ಮುಖ್ಯವೇ ಸರ್?

ಉತ್ತರ: ಇಲ್ಲಮ್ಮ, ಯಾವುದೂ ಕೆಡದೆಯೂ ಅನಾಹುತವಾಗಿದೆ. 1993ರ ಸೆಪ್ಟೆಂಬರ್ 14ರಂದು ವಾರ್ಸಾದಲ್ಲಿ ಲುಫ್ತಾನ್ಸಾದ ಎ320 ಒದ್ದೆ ರನ್‌ವೇಯಲ್ಲಿ ಬಲ ಚಕ್ರದ ಮೇಲೆ ಮೊದಲು ಇಳಿಯಿತು. ಎಡ ಚಕ್ರ ನೆಲ ಮುಟ್ಟಿದ್ದು ಸುಮಾರು 9 ಸೆಕೆಂಡಿನ ನಂತರ. ಗೇರಿನ ಎರಡೂ ಕಾಲುಗಳು ವಿಮಾನದ ಭಾರಕ್ಕೆ ಅದುಮಿಕೊಂಡಿಲ್ಲದ್ದರಿಂದ, ಚಕ್ರಗಳೂ ಬೇಕಾದ ವೇಗದಲ್ಲಿ ತಿರುಗದಿದ್ದುದರಿಂದ, ‘ಇನ್ನೂ ಆಕಾಶದಲ್ಲಿದ್ದೇವೆ’ ಎಂದೇ ಕಂಪ್ಯೂಟರ್ ತಿಳಿಯಿತು. ಸ್ಪಾಯ್ಲರ್ (ರೆಕ್ಕೆಯ ಮೇಲೆದ್ದು ವೇಗ ತಗ್ಗಿಸುವ ಹಲಗೆ), ರಿವರ್ಸರ್ (ಎಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸುವ ಭಾಗ) ತೆರೆಯುವುದು ತಡವಾಯಿತು. ವಿಮಾನ ರನ್‌ವೇ ದಾಟಿ ಮಣ್ಣಿನ ದಿಬ್ಬಕ್ಕೆ ಹೊಡೆಯಿತು, ಇಬ್ಬರು ಸತ್ತರು. ಪ್ರತಿ ಭಾಗವೂ ತನಗೆ ಹೇಳಿಕೊಟ್ಟಂತೆಯೇ ನಡೆದುಕೊಂಡಿತ್ತು. ಗೇರ್‌ನ ಕಾಲಿನಲ್ಲಿರುವ ಚಿಕ್ಕ ಸಂವೇದಕದ ಮಾತನ್ನು ಎಷ್ಟು ವ್ಯವಸ್ಥೆಗಳು ಕೇಳುತ್ತವೆ ಎಂದು ಪಟ್ಟಿ ಮಾಡಿ ನೋಡಿ, ಕ್ಯಾಬಿನ್ ಒತ್ತಡವೂ ಅದರಲ್ಲಿರುತ್ತದೆ.

ವಿದ್ಯಾರ್ಥಿ: ಧನ್ಯವಾದ ಸರ್. ಯಾವುದರಿಂದ ಆರಂಭಿಸಲಿ?

ಉತ್ತರ: ಎ320ರಿಂದ. ಅದರ ಹೈಡ್ರಾಲಿಕ್‌ಗೆ ಹಸಿರು, ನೀಲಿ, ಹಳದಿ ಎಂಬ ಮೂರು ಬಣ್ಣದ ಹೆಸರುಗಳಿವೆ, ಹಾಗಾಗಿ ಬಣ್ಣದ ಪೆನ್ನಿನಲ್ಲಿ ಬರೆಯಬಹುದು. ಹಸಿರು ಹೋದರೆ ಗೇರನ್ನು ತೂಕದಿಂದ ಇಳಿಸಬೇಕು, ಬ್ರೇಕಿಗೆ ಹಳದಿ ಒದಗುತ್ತದೆ. ಗಾಳಿಚಕ್ರ ಒತ್ತಡ ಕೊಡುವುದು ನೀಲಿಗೆ, ನೀಲಿಯಿಂದ ತುರ್ತು ಜನರೇಟರ್ ತಿರುಗುತ್ತದೆ. ಹೊರಡುವ ಮುನ್ನ ಕ್ಯಾಬಿನ್ನಿನ ನೆಲದಡಿಯಿಂದ ನಾಯಿ ಬೊಗಳಿದಂತೆ ಕೇಳುವ ಸದ್ದು, ಹಸಿರು ಮತ್ತು ಹಳದಿಯ ನಡುವೆ ದ್ರವ ಬೆರೆಸದೆ ಒತ್ತಡವನ್ನು ಮಾತ್ರ ದಾಟಿಸುವ ಘಟಕದ್ದು. ದೊಡ್ಡ ಹಾಳೆಯೊಂದನ್ನು ತೆಗೆದುಕೊಂಡು ಮೊದಲು ಹಸಿರನ್ನು ಮಾತ್ರ ಬರೆದು ಇಲ್ಲಿ ಹಾಕಿ, ನೋಡುತ್ತೇನೆ.