ಹಳೇ ಪೇಟೆ ಮಧ್ಯದ ಲಕ್ಷುರಿ ಟವರ್‌ಗೆ ಬಾಡಿಗೆಗೆ ಹೋಗಬಹುದಾ? ಇದ್ದು ಬಂದವರು ಹೇಳಿ

ಕೇಳಿದವರು: ಊರಿನ ಹಳೇ ಭಾಗದಲ್ಲಿ ಹೊಸದಾಗಿ ಎದ್ದಿರೋ ಟವರ್‌ನಲ್ಲಿ 18ನೇ ಮಹಡಿ ಫ್ಲಾಟ್ ನೋಡ್ಕೊಂಡು ಬಂದ್ವಿ. ಪಶ್ಚಿಮಕ್ಕೆ ಪೂರ್ತಿ ಗಾಜು, ವ್ಯೂ ಅದ್ಭುತ. 2 ವರ್ಷದ ಅಗ್ರಿಮೆಂಟ್, ಅದರಲ್ಲಿ 1 ವರ್ಷ ಲಾಕ್‌ಇನ್, ಅಂದ್ರೆ ಅಷ್ಟರೊಳಗೆ ಬಿಡೋ ಹಾಗಿಲ್ಲ. ಜೊತೆಗೆ ಮಂಡಿನೋವಿನ ಅಮ್ಮ ಇದಾರೆ. ಹೋಗಬಹುದಾ?

22ನೇ ಮಹಡಿ: ಬಾಡಿಗೆ ಬಿಡಿ ಸರ್, ಅದರ ಮೇಲೆ ಏನೇನು ಬರುತ್ತೆ ಅದನ್ನ ಕೇಳಿ. ನಮಗೆ ಮೇಂಟೆನೆನ್ಸ್ ಬೇರೆ, ಅದೂ ಲಾಬಿ, ಕಾರಿಡಾರ್ ಎಲ್ಲಾ ಸೇರಿಸಿದ ಚದರಡಿಗೆ, ನಾವು ಒಂದಿನಾನೂ ಇಳೀದೇ ಇರೋ ಈಜುಕೊಳಕ್ಕೂ ಸೇರಿಸಿ. ಜನರೇಟರ್ ಡೀಸೆಲ್ ಬೇರೆ, ಎರಡನೇ ಕಾರಿನ ಪಾರ್ಕಿಂಗ್ ಬೇರೆ. ಸಾಮಾನು ತರೋ ದಿನ ದೊಡ್ಡ ಲಾರಿ ಆ ಹಳೇ ಬೀದಿಗೆ ತಿರುಗಲೇ ಇಲ್ಲ, ಮೂಲೇಲಿ ಇಳಿಸಿ ಸಣ್ಣ ಗಾಡಿಗೆ ಹಾಕಿದ್ವಿ, ಕೂಲಿ ಎರಡೆರಡು ಸಲ ಕೊಟ್ವಿ, ಅಷ್ಟೊತ್ತಿಗೆ ನಮಗೆ ಕೊಟ್ಟಿದ್ದ ಸರ್ವಿಸ್ ಲಿಫ್ಟ್ ಟೈಮ್ ಮುಗೀತು ಅಂತ ಸೆಕ್ಯುರಿಟಿಯವರು ನಿಲ್ಲಿಸಿಬಿಟ್ರು, ಹಾಸಿಗೆ ಮಂಚ ರಾತ್ರಿಯೆಲ್ಲಾ ಬೇಸ್‌ಮೆಂಟಲ್ಲಿ. ಬಿಡೋವಾಗ ಅಡ್ವಾನ್ಸ್‌ನಲ್ಲಿ ಪೇಂಟಿಂಗ್, ಕ್ಲೀನಿಂಗ್, ಮೊಳೆ ಹೊಡೆದ ತೂತು, ನಾವು ಬರೋಕೆ ಮುಂಚೆನೇ ಇದ್ದ ಮಾರ್ಬಲ್ ಕಲೆ, ಎಲ್ಲಾ ಮುರ್ಕೊಂಡ್ರು. ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಮೇಲಿನವರು: ನಾವು 31ನೇ ಮಹಡೀಲಿ ಇದೀವಿ, ಆರಾಮಾಗಿದೀವಿ. ಧೂಳಿಲ್ಲ, ಹಾರ್ನ್ ಸದ್ದು ಬಹಳ ಕಮ್ಮಿ, ಕೀ ಕೊಟ್ಟ ದಿನಾನೇ ಒಂದೊಂದು ಗೋಡೆಗೂ ವಿಡಿಯೋ ಮಾಡಿ ಓನರ್‌ಗೆ ಮೇಲ್ ಹಾಕಿದ್ವಿ. ಅಗ್ರಿಮೆಂಟ್ ಓದದೆ ಸಹಿ ಹಾಕಿ ಬಿಲ್ಡಿಂಗ್‌ನ ಬೈದ್ರೆ ಏನ್ ಪ್ರಯೋಜನ?

22ನೇ ಮಹಡಿ: ಓದದೆ ಅಂತ ನಿಮಗ್ಯಾರು ಹೇಳಿದ್ರು? ವಿಡಿಯೋ ನಮ್ಮತ್ರನೂ ಇದೆ. ಓನರ್ ಫೋನ್ ಎತ್ತದೇ ಇದ್ರೆ ಯಾರಿಗೆ ತೋರಿಸ್ಲಿ?

ಪ್ಲಂಬಿಂಗ್ ಕೆಲಸದವ: ಎತ್ತರ 10 ಮೀಟರ್ ಹೆಚ್ಚಾದ್ರೆ ನೀರಿನ ಪ್ರೆಶರ್ ಸುಮಾರು 1 ಬಾರ್ (ಪ್ರೆಶರ್ ಅಳೆಯೋ ಮಾನ) ವ್ಯತ್ಯಾಸ ಆಗುತ್ತೆ. ಅದಕ್ಕೆ ಟವರ್‌ನ ಭಾಗ ಮಾಡಿ, ಕೆಳಗಿನ ಮಹಡಿಗೆ ಪ್ರೆಶರ್ ತಗ್ಗಿಸೋ ವಾಲ್ವ್, ಮೇಲಿನವಕ್ಕೆ ಬೂಸ್ಟರ್ ಪಂಪ್ ಹಾಕ್ತಾರೆ. ನೋಡೋಕೆ ಹೋದಾಗ ಅಡುಗೆಮನೆ, ಬಾತ್‌ರೂಮ್ ಎರಡರ ನಲ್ಲಿನೂ ಒಟ್ಟಿಗೆ ಬಿಟ್ಟು ನೋಡಿ. ಲಿಫ್ಟ್ ಬಾಗಿಲ ಸಂದಿಲಿ ಸೀಟಿ ಹೊಡೆದಂಗೆ ಸದ್ದು ಬಂದ್ರೆ ಅದು ಒಳಗೆ ಹೊರಗೆ ಉಷ್ಣತೆ ಬೇರೆ ಇದ್ದು ಲಿಫ್ಟ್ ಓಡಾಡೋ ಶಾಫ್ಟಲ್ಲಿ ಗಾಳಿ ಎಳೆಯೋದು, ದೆವ್ವ ಅಲ್ಲ. ಪಶ್ಚಿಮದ ಗಾಜನ್ನ ಸಂಜೆ ನಾಲ್ಕಕ್ಕೆ ಹೋಗಿ ಮುಟ್ಟಿ, ಏಜೆಂಟ್ ಬೆಳಿಗ್ಗೆನೇ ಕರ್ಕೊಂಡು ಹೋಗ್ತಾನೆ.

ಹಳೇ ಬೀದಿಯವಳು: ನಿಮ್ಮ ವ್ಯೂ ಅಂದ್ರೆ ನಮ್ಮ ಅಂಗಳ ಅನ್ನೋದು ಗೊತ್ತಿರಲಿ. ಪಾಯಕ್ಕೆ ಆಳವಾಗಿ ಕಂಬ ಇಳಿಸೋ ಪೈಲಿಂಗ್ ಮಾಡುವಾಗ ನಮ್ಮ ಗೋಡೆ ಬಿರುಕು ಬಿಟ್ಟಿದ್ದಕ್ಕೆ ಇವತ್ತಿನವರೆಗೂ ಯಾರೂ ದುಡ್ಡು ಕೊಟ್ಟಿಲ್ಲ. ಪ್ಯಾರಿಸ್‌ನಲ್ಲಿ 1973ರಲ್ಲಿ ಮಾಂಪಾರ್ನಾಸ್ ಟವರ್ ಎದ್ದ ಮೇಲೆ ಜನ ಎಷ್ಟು ರೊಚ್ಚಿಗೆದ್ರು ಅಂದ್ರೆ 1977ರಲ್ಲಿ ಎತ್ತರಕ್ಕೆ 37 ಮೀಟರ್ ಮಿತಿ ಹಾಕಿದ್ರು. ಇಂಗ್ಲೆಂಡಿನ ಲಿವರ್‌ಪೂಲ್, ನದಿದಂಡೆಯ ಹೊಸ ಕಟ್ಟಡಗಳಿಂದಾಗಿ, 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಯಿಂದನೇ ಹೊರಗೆ ಹೋಯ್ತು.

ಮೇಲಿನವರು: ಬಾಡಿಗೆಗಿರೋರನ್ನ ಯಾಕೆ ಬೈತೀರಾ ಮೇಡಂ, ನಾವು ಕಟ್ಟಿಸಿದ್ವಾ? ಪಟ್ಟಿಯಿಂದ ತೆಗೆದ್ರೆ ಊರು ಮುಳುಗಿಹೋಗುತ್ತಾ? ಜನಕ್ಕೆ ಮನೆ ಬೇಕು.

ಹಳೇ ಬೀದಿಯವಳು: ಯಾವ ಜನಕ್ಕೆ? ಅಲ್ಲಿ ಹುಟ್ಟಿ ಬೆಳೆದ ಒಬ್ಬರಿಗಾದ್ರೂ ಆ ಬಾಡಿಗೆ ಕೊಡೋಕಾಗುತ್ತಾ ಹೇಳಿ ನೋಡೋಣ.

ಕೇಳಿದವರು: ದಯವಿಟ್ಟು ಜಗಳ ಬೇಡ. ಅಮ್ಮನ ವಿಷಯ ಯಾರಾದ್ರೂ ಹೇಳ್ತೀರಾ?

ಪ್ಲಂಬಿಂಗ್ ಕೆಲಸದವ: ಫೈರ್ ಅಲಾರಂ ಹೊಡೆದ್ರೆ ಮಾಮೂಲಿ ಲಿಫ್ಟ್ ಬಳಸೋ ಹಾಗಿಲ್ಲ, ಮೆಟ್ಟಿಲೇ ಗತಿ. ನಡೆಯೋಕಾಗದವರನ್ನ ಇಳಿಸೋ ಕುರ್ಚಿ ಇದೆಯಾ, ಬೆಂಕಿಯಿಂದ ರಕ್ಷಣೆಗೆ ನಿಲ್ಲೋ ಜಾಗ ಯಾವ ಮಹಡೀಲಿ, ಬರವಣಿಗೇಲಿ ಕೇಳಿ. ಕರೆಂಟ್ ಹೋದಾಗ ಎಷ್ಟು ಲಿಫ್ಟ್ ಜನರೇಟರ್ ಮೇಲೆ ಓಡುತ್ತೆ ಅಂತಾನೂ.

22ನೇ ಮಹಡಿ: ನಮ್ಮಲ್ಲಿ ಒಂದೇ ಓಡ್ತಿತ್ತು. ಅದಕ್ಕೂ ಮೇಂಟೆನೆನ್ಸ್ ಪೂರ್ತಿ ತಗೊಂಡ್ರು.

ಮೇಲಿನವರು: ನಮ್ಮಲ್ಲಿ ಎಲ್ಲಾ ಓಡುತ್ತೆ.

22ನೇ ಮಹಡಿ: ಹೌದಾ, ಹಾಗಾದ್ರೆ ನಿಮ್ಮ ಡೀಸೆಲ್ ಬಿಲ್ ಇಲ್ಲಿ ಹಾಕಿ, ನೋಡೋಣ.